ಗಂಡಸರ ರ‍್ಯಾಂಪ್ ಕಲೆಕ್ಷನ್ ನೋಡಿ ಅಭಿಪ್ರಾಯ ಬರೆಯುವ ಬಗೆ

ಮೊದಲು ಋತುವಿನ ಲೆಕ್ಕ ಸರಿಯಿರಲಿ. ಮಿಲಾನ್, ಪ್ಯಾರಿಸ್‌ಗಳಲ್ಲಿ ಗಂಡಸರ ಉಡುಪಿನ ಷೋಗಳು ವರ್ಷಕ್ಕೆರಡು ಸುತ್ತು ನಡೆಯುತ್ತವೆ. ಜನವರಿಯಲ್ಲಿ ಬರುವುದು ಅದೇ ವರ್ಷದ ಚಳಿಗಾಲದ್ದು, ಜೂನ್‌ನಲ್ಲಿ ಬರುವುದು ಮುಂದಿನ ವರ್ಷದ ಬೇಸಿಗೆಯದು. 2025ರ ಜೂನ್‌ನಲ್ಲಿ ಕಂಡ ಉಡುಪಿಗೆ 2026ರ ಬೇಸಿಗೆಯ ಹೆಸರು. ಆದ್ದರಿಂದ ಜೂನ್ ಷೋವನ್ನು ಹಿಂದಿನ ಜೂನ್‌ನ ಜೊತೆಗೇ ಹೋಲಿಸಿ. ಜನವರಿಯ ಪಕ್ಕದಲ್ಲಿಟ್ಟು "ಓವರ್‌ಕೋಟು ಕಡಿಮೆಯಾಗಿದೆ" ಎಂದರೆ ಹವೆಯ ಬಗ್ಗೆ ಹೇಳಿದಂತಾಯಿತು, ಡಿಸೈನರ್ ಬಗ್ಗೆ ಅಲ್ಲ.

ಷೋ ಸಾಮಾನ್ಯವಾಗಿ ಹತ್ತು-ಹದಿನೈದು ನಿಮಿಷದ್ದು, ಲುಕ್‌ಗಳು (ಒಬ್ಬ ಮಾಡೆಲ್ ಒಂದು ಸಲ ತೊಟ್ಟುಬರುವ ಪೂರ್ತಿ ಉಡುಪು) ನಲವತ್ತರಿಂದ ಅರವತ್ತು. ವಿಡಿಯೊವನ್ನು ಒಮ್ಮೆ ಏನೂ ಬರೆದುಕೊಳ್ಳದೆ ನೋಡಿ, ಇನ್ನೊಮ್ಮೆ ಸದ್ದು ನಿಲ್ಲಿಸಿ ನೋಡಿ. ಸಂಗೀತ ನಿಂತ ಮೇಲೆ ಬಟ್ಟೆಯ ನಡೆ ಕಾಣತೊಡಗುತ್ತದೆ. ಆಮೇಲೆ ಫೋಟೊಗಳನ್ನು ಒಂದೊಂದಾಗಿ ತೆಗೆದು, ಲುಕ್‌ನ ನಂಬರ್ ಹಾಕಿ, ಭುಜ, ಗುಂಡಿಯ ಎತ್ತರ, ಪ್ಯಾಂಟಿನ ಅಗಲ, ಬಟ್ಟೆ, ಷೂ ಇಷ್ಟನ್ನು ಗುರುತು ಮಾಡಿಕೊಳ್ಳಿ. ಎಣಿಸುವುದು ಇಲ್ಲಿ ಬಹಳ ಮುಖ್ಯ. 45ರಲ್ಲಿ 30 ಪ್ಯಾಂಟು ಅಗಲವಾಗಿದ್ದರೆ ಅದು ಡಿಸೈನರ್‌ನ ನಿಲುವು. ನಾಲ್ಕೇ ಇದ್ದರೆ ಹಾಗೆನ್ನಲಾಗದು.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಭುಜದ ಹತ್ತಿರ. ಇಟಲಿಯ ಡಿಸೈನರ್ ಜಾರ್ಜಿಯೊ ಅರ್ಮಾನಿ 1970ರ ದಶಕದಲ್ಲಿ ಜಾಕೆಟ್ಟಿನ ಒಳಗಿನ ಗಟ್ಟಿತನ ತೆಗೆದು ಭುಜವನ್ನು ಮೆತ್ತಗಾಗಿಸಿದರು. 2000ದ ದಶಕದ ಮೊದಲಲ್ಲಿ ಡಿಸೈನರ್ ಎಡಿ ಸ್ಲಿಮಾನ್ ಡಿಯೋರ್ ಓಮ್‌ನಲ್ಲಿ (ಡಿಯೋರ್ ಸಂಸ್ಥೆಯ ಗಂಡಸರ ಉಡುಪಿನ ವಿಭಾಗ) ಅದನ್ನು ಕಿರಿದು ಮಾಡಿದರು. ಎರಡು ಸಲವೂ ಗಂಡಸರ ಉಡುಪಿನ ಆಕಾರವೇ ಬದಲಾಯಿತು. ಹೊಲಿಗೆ ಭುಜದ ಮೂಳೆಯ ಮೇಲಿದೆಯೋ, ಎರಡು ಬೆರಳು ಆಚೆಗಿದೆಯೋ ನೋಡಿ. ಬೇಕೆಂದೇ ಅಗಲಿಸಿದ್ದರೆ ಎದೆಯೂ ಸಡಿಲವಾಗಿರುತ್ತದೆ, ತೋಳು ನೇರ ಇಳಿಯುತ್ತದೆ. ಭುಜ ಮಾತ್ರ ಹೊರಚಾಚಿ, ಅದರ ಕೆಳಗೆ ತೋಳಿನಲ್ಲಿ ಕುಳಿ ಬಿದ್ದಿದ್ದರೆ ಜಾಕೆಟ್ ಆ ಮೈಗೆ ಕೂತಿಲ್ಲ. ಕತ್ತಿನ ಹಿಂದೆ ಜಾಕೆಟ್ ಕಾಲರ್ ಶರ್ಟ್ ಕಾಲರನ್ನು ಬಿಟ್ಟು ನಿಂತಿದ್ದರೂ ಅಷ್ಟೆ. ಆದರೆ ದೂರುವ ಮೊದಲು ಒಂದು ಪರೀಕ್ಷೆ ಮಾಡಿ. ಷೋದ ಸ್ಯಾಂಪಲ್‌ಗಳು ಹೆಚ್ಚಾಗಿ ಒಂದೇ ಅಳತೆಯವು, ತೊಡುವವರ ಮೈ ಬೇರೆ ಬೇರೆ. ಒಬ್ಬ ಮಾಡೆಲ್ ಮೇಲೆ ಕಂಡ ತಪ್ಪು ಫಿಟಿಂಗಿನದು. ಐದು ಜನರ ಮೇಲೂ ಕಂಡರೆ ಕಟಿಂಗಿನದು.

ಪ್ಯಾಂಟಿನ ಕೆಳಅಂಚನ್ನು ಷೂ ಇಟ್ಟುಕೊಂಡು ಅಳೆಯಬಹುದು. ಗಂಡಸರ ಷೂ ಸುಮಾರು 30 ಸೆಂ.ಮೀ. ಉದ್ದ. ಪಕ್ಕದಿಂದ ತೆಗೆದ ಫೋಟೊದಲ್ಲಿ ಅಂಚು ಷೂವಿನ ಮೂರರಲ್ಲಿ ಎರಡು ಪಾಲು ಮುಚ್ಚಿದ್ದರೆ ಅಗಲ 20ರ ಆಸುಪಾಸು. 17 ಇದ್ದರೆ ಬಿಗಿ, 25 ದಾಟಿದರೆ ನಿಜವಾಗಿ ಅಗಲ. ಅಟ್ಟೆಯ ದಪ್ಪವನ್ನೂ ಮರೆಯಬೇಡಿ. ನಾಲ್ಕು ಸೆಂ.ಮೀ. ಅಟ್ಟೆಯ ಮೇಲೆ ಚೆಂದವಾಗಿ ಮಡಿಕೆ ಬಿದ್ದ ಪ್ಯಾಂಟು ಚಪ್ಪಟೆ ಷೂ ಹಾಕಿದರೆ ನೆಲ ಗುಡಿಸುತ್ತದೆ.

ಬಟ್ಟೆಯ ತೂಕ ಫೋಟೊದಲ್ಲಿ ಸಿಗುವುದಿಲ್ಲ, ವಿಡಿಯೊದಲ್ಲಿ ಸಿಗುತ್ತದೆ. ಭಾರದ ಉಣ್ಣೆ ಹೆಜ್ಜೆಯ ಜೊತೆ ನಿಧಾನ ತೂಗಿ ತನ್ನ ಗೆರೆಗೆ ಮರಳುತ್ತದೆ. ಹಗುರ ಬಟ್ಟೆ ಕಾಲಿಗೆ ಅಂಟುತ್ತದೆ ಇಲ್ಲವೆ ಪಟಪಟಿಸುತ್ತದೆ. ಬಣ್ಣದ ವಿಷಯದಲ್ಲಿ ದೀಪಗಳನ್ನು ನಂಬಬೇಡಿ. ಅದೇ ಫೋಟೊದ ಬಿಳಿ ಶರ್ಟು ಹಳದಿಯಾಗಿ ಕಂಡರೆ ಕೆನೆಬಣ್ಣದ ಕೋಟೂ ನಿಜದಲ್ಲಿ ಬೇರೆಯೇ. ಕಪ್ಪು ಬಟ್ಟೆಯ ನೇಯ್ಗೆಗೆ ಹತ್ತಿರದಿಂದ ತೆಗೆದ ಫೋಟೊಗಳೇ ಬೇಕು.

ರಂಗಸಜ್ಜಿಕೆಯನ್ನು ಬೇರೆ ಪ್ಯಾರಾದಲ್ಲಿಡಿ. 2023ರ ಜೂನ್‌ನಲ್ಲಿ ಗಾಯಕ ಫ್ಯಾರೆಲ್ ವಿಲಿಯಮ್ಸ್ ಫ್ಯಾಷನ್ ಸಂಸ್ಥೆ ಲೂಯಿ ವಿಟಾನ್‌ಗೆ ಮಾಡಿದ ಮೊದಲ ಷೋ ಪ್ಯಾರಿಸ್‌ನ ಪಾನ್ ನಫ್ ಸೇತುವೆಯ ಮೇಲೆ ನಡೆಯಿತು. ಅಂಥ ಕಡೆ ಕಣ್ಣು ತುಂಬಿಹೋಗಿ ಹೊಲಿಗೆ ಕಾಣದಾಗುತ್ತದೆ. ಟೋಪಿ, ಕನ್ನಡಕ, ಬ್ಯಾಗುಗಳನ್ನು ಮನಸ್ಸಿನಲ್ಲೇ ಕಳಚಿ, ಉಳಿದದ್ದರ ಬಗ್ಗೆ ಬರೆಯಿರಿ. ಡಿಸೈನರ್ ಹೊಸಬರಾದರೆ ಹಿಂದಿನ ಫ್ಯಾಷನ್ ಸಂಸ್ಥೆಯಲ್ಲಿ ಮಾಡಿದ ಕೆಲಸವನ್ನೂ ತೆಗೆದು ನೋಡಿ. ಡಿಯೋರ್‌ಗೆ ಜೊನಾಥನ್ ಆಂಡರ್ಸನ್ 2025ರ ಜೂನ್‌ನಲ್ಲಿ ತೋರಿಸಿದ್ದನ್ನು ಅವರು ಅದಕ್ಕೂ ಮೊದಲು ಲೋವೆ ಸಂಸ್ಥೆಯಲ್ಲಿ ಕಳೆದ ವರ್ಷಗಳನ್ನು ಬಿಟ್ಟು ಅಳೆಯುವುದು ಅನ್ಯಾಯ.

ಬರೆಯುವಾಗ ವಿಶೇಷಣದಿಂದ ಹೊರಡಬೇಡಿ, ಉಡುಪಿನಿಂದ ಹೊರಡಿ. "ಆರಾಮದ ಸೊಗಸು" ಎಂದರೆ ಓದುಗರಿಗೆ ಏನೂ ಕಾಣದು. "ಭುಜ ಜಾರಿದೆ, ಗುಂಡಿ ಹೊಕ್ಕುಳಿಗಿಂತ ಕೆಳಗಿದೆ, ಹಾಗಾಗಿ ಕಾಲು ಗಿಡ್ಡವಾಗಿ ಕಾಣುತ್ತದೆ" ಎಂದರೆ ಒಪ್ಪುವುದಕ್ಕೂ ತಕರಾರಿಗೂ ಜಾಗವಿರುತ್ತದೆ. ಹಿಡಿಸದಿದ್ದರೆ ಲುಕ್ ನಂಬರ್ ಸಮೇತ ಹೇಳಿ. ಸಂಸ್ಥೆ ಕೊಡುವ ಷೋ ಟಿಪ್ಪಣಿಯನ್ನು ಕರಡು ಮುಗಿದ ಮೇಲೆಯೇ ಓದಿ, ಇಲ್ಲದಿದ್ದರೆ ಅದರ ಮಾತುಗಳೇ ನಿಮ್ಮ ಬರಹದೊಳಗೆ ಬಂದು ಕೂರುತ್ತವೆ.

"ಕೊಳ್ಳಲೇಬೇಕು" ಎಂಬ ಮಾತು ಮಾತ್ರ ಈಗ ಬೇಡ. ರ‍್ಯಾಂಪ್‌ನ ಕೆಲವು ಉಡುಪು ಅಂಗಡಿಗೆ ಬರುವುದೇ ಇಲ್ಲ, ಕೆಲವು ಬರುವಷ್ಟರಲ್ಲಿ ಕಿರಿದಾಗಿರುತ್ತವೆ. ಲುಕ್ ನಂಬರ್‌ಗಳ ಪಟ್ಟಿ ಇಟ್ಟುಕೊಂಡು ಆರು ತಿಂಗಳ ನಂತರ ಅದೇ ಜಾಕೆಟ್ಟಿನ ಭುಜ ಮತ್ತೆ ನೋಡಿ.