ಕೆರೆಯ ಮೀನು ಉಳಿಸಲು ಒಕ್ಕೂಟ ಕಟ್ಟುವ ಬಗೆ

ಕೋಲಾರ ಸೀಮೆಯ ಕೆರೆಯೊಂದರಲ್ಲಿ ಮಿತಿಮೀರಿದ ಮೀನುಗಾರಿಕೆಯನ್ನು ತಡೆಯಬೇಕೆಂದರೆ, ಮೊದಲು ಗುತ್ತಿಗೆ ಯಾರ ಹೆಸರಿನಲ್ಲಿದೆ ಎಂಬುದನ್ನು ಮೀನುಗಾರಿಕೆ ಇಲಾಖೆಯಲ್ಲಿ ಅಥವಾ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬೇಕು. ಗುತ್ತಿಗೆದಾರರನ್ನು ಹೊರಗಿಟ್ಟು ಕಟ್ಟಿದ ಒಕ್ಕೂಟವು ಮೊದಲ ಬಲೆ ಬೀಳುವ ದಿನವೇ ಒಡೆಯುತ್ತದೆ. ಆದ್ದರಿಂದ ಮೀನುಗಾರರ ಸಹಕಾರ ಸಂಘ, ಅಚ್ಚುಕಟ್ಟಿನ ರೈತರು, ಕೆರೆಯ ನೀರು ಹಂಚುವ ನೀರಗಂಟಿ, ಸಂತೆಯಲ್ಲಿ ಮೀನು ಮಾರುವ ಹೆಂಗಸರು, ಎಲ್ಲರನ್ನೂ ಒಂದೇ ಸಭೆಗೆ ಕರೆಯಿರಿ.

ಒಪ್ಪಂದದಲ್ಲಿ ಬಲೆಯ ಕಣ್ಣಿನ ಅಳತೆ ಮತ್ತು ಮೀನು ಹಿಡಿಯದ ಬಿಡುವಿನ ಕಾಲ ಇವೆರಡಿದ್ದರೆ ಸಾಕು. ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದೆಯೆಂದು ಅದೇ ತಾರೀಖನ್ನು ಇಲ್ಲಿಗೆ ತರುವುದು ಸರಿಯಲ್ಲ, ಏಕೆಂದರೆ ನಮ್ಮ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಕಾಟ್ಲಾ, ರೋಹು ಕೆರೆಯಲ್ಲಿ ಮರಿ ಮಾಡುವುದಿಲ್ಲ. ಬಿತ್ತನೆ ಮರಿ ತಂದು ಬಿಡಬಹುದು. ನಾಟಿ ಕೊರವ ಮೀನಿನ ಮಾತೇ ಬೇರೆ. ಅದರ ಕೆಂಪು ಮರಿಗಳ ಹಿಂಡು ನೀರಿನ ಮೇಲೆ ಕಾಣುವಾಗ, ಕೆಳಗೆ ಕಾವಲಿರುವ ದೊಡ್ಡ ಮೀನನ್ನು ಗಾಳಕ್ಕೆ ತೆಗೆದರೆ ಇಡೀ ಹಿಂಡು ಬೇರೆ ಮೀನುಗಳ ಪಾಲಾಗುತ್ತದೆ. ಈ ಒಂದು ಸಂಗತಿಯನ್ನು ಗಾಳ ಹಾಕುವ ಹುಡುಗರಿಗೆ ಕೆರೆಯ ಏರಿಯ ಮೇಲೆಯೇ ತೋರಿಸಿ. ಫಲಕಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ತೀರ್ಮಾನವನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ, ಅದರ ಪ್ರತಿಯನ್ನು ಇಲಾಖೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ.