ನೆಟ್ ನಿಧಾನವಾದರೆ: ಸಿಕ್ಕು ಮನೆಯೊಳಗೋ, ಬೀದಿಯಲ್ಲೋ, ಸಮುದ್ರದಲ್ಲೋ?

ಡೌನ್‌ಲೋಡ್ ಆಮೆಯಂತೆ ತೆವಳುತ್ತಿದ್ದಾಗ ಆತುರಕ್ಕೆ ಮಾಡಬಾರದ ಕೆಲಸ ಎರಡು. ಒಂದು, ರೂಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚುವುದು. ಇನ್ನೊಂದು, ದೊಡ್ಡ ಪ್ಲಾನ್‌ಗೆ ದುಡ್ಡು ಕಟ್ಟುವುದು. ಪಿನ್ ಚುಚ್ಚಿದರೆ ರೂಟರ್ ರೀಸೆಟ್ ಆಗಿ, ಕಂಪನಿಯ ನೆಟ್‌ಗೆ ಲಾಗಿನ್ ಆಗುವ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಸೆಟ್ಟಿಂಗ್ ಎಲ್ಲ ಅಳಿಸಿಹೋಗುತ್ತವೆ. ನಿಧಾನವಾಗಿದ್ದ ನೆಟ್ ಪೂರ್ತಿ ನಿಂತು, ಟೆಕ್ನಿಷಿಯನ್ ಬರುವವರೆಗೆ ಕಾಯಬೇಕಾಗುತ್ತದೆ. ಇನ್ನು ಪ್ಲಾನ್ ಎಷ್ಟೇ ದೊಡ್ಡದಾದರೂ, ಎರಡು ಗೋಡೆ ದಾಟಲಾಗದ ವೈಫೈ ಅದರಿಂದ ಮೂರನೇ ಕೋಣೆಗೆ ತಲುಪುವುದಿಲ್ಲ. ಸರ್ವರ್‌ನಿಂದ ನಿಮ್ಮ ಕೈಯಲ್ಲಿರುವ ಫೋನ್‌ವರೆಗಿನ ದಾರಿಯಲ್ಲಿ ಎಲ್ಲಿ ಇಕ್ಕಟ್ಟಾಗಿದೆ ಎಂದು ಮೊದಲು ಗೊತ್ತಾಗಬೇಕು. ರಿಪೇರಿ ಆಮೇಲಿನ ಮಾತು.

ಅದಕ್ಕೂ ಮುಂಚೆ ಲೆಕ್ಕ ಸರಿ ಮಾಡಿಕೊಳ್ಳಿ. ಪ್ಲಾನ್‌ನ ವೇಗ ಹೇಳುವುದು ಮೆಗಾಬಿಟ್‌ನಲ್ಲಿ, ಬ್ರೌಸರ್ ತೋರಿಸುವುದು ಮೆಗಾಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಪ್ಲಾನ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್; ಡೇಟಾ ಕಟ್ಟಿ ಕಳಿಸುವ ಪ್ಯಾಕೆಟ್‌ಗಳ ಮೇಲೆ ಅಂಟಿಸುವ ವಿಳಾಸಗಳ ಭಾರ ಕಳೆದರೆ 11ರಿಂದ 12. ಅಷ್ಟು ಬರುತ್ತಿದ್ದರೆ ನಿಮ್ಮ ಲೈನ್ ಪೂರ್ತಿ ವೇಗದಲ್ಲೇ ಇದೆ. 1 ಜಿಬಿ ಫೈಲಿಗೆ ಒಂದೂವರೆ ನಿಮಿಷ, 50 ಜಿಬಿಯ ಗೇಮ್‌ಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯುವುದು ಸಹಜ. ತಿಂಗಳ ಕೊನೆಯಲ್ಲಿ ಮಾತ್ರ ವೇಗ ಕುಸಿಯುತ್ತಿದ್ದರೆ ಕಂಪನಿಯ ಆ್ಯಪ್‌ನಲ್ಲಿ ಬಳಕೆ ನೋಡಿ. ‘ಅನ್‌ಲಿಮಿಟೆಡ್’ ಪ್ಲಾನ್‌ಗಳಿಗೂ ತಿಂಗಳ ಮಿತಿ ಇರುತ್ತದೆ, ಅದು ದಾಟಿದ ಮೇಲೆ ವೇಗ ಇಳಿಸುತ್ತಾರೆ.

ನಿಮಗೊಬ್ಬರಿಗೇನಾ, ಎಲ್ಲರಿಗೂನಾ?

ಫೋನ್‌ನಲ್ಲಿ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಅದೇ ಸೈಟ್ ತೆರೆಯಿರಿ. ಅಲ್ಲೂ ತೆರೆಯದಿದ್ದರೆ ತೊಂದರೆ ಬಹುಶಃ ಆ ಸೈಟ್‌ನದೇ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಸುಮಾರು 6 ಗಂಟೆ ಸತ್ತಿದ್ದವು. ಕಾರಣ ಆ ಕಂಪನಿಯ ಬೆನ್ನೆಲುಬಿನ ರೂಟರ್‌ಗಳಿಗೆ ಹೋದ ಒಂದು ತಪ್ಪು ಆದೇಶ. 2025ರ ನವೆಂಬರ್ 18ರಂದು ಎಷ್ಟೋ ಸೈಟ್‌ಗಳ ಮುಂದೆ ನಿಂತು ಪುಟ ತಲುಪಿಸುವ ಕ್ಲೌಡ್‌ಫ್ಲೇರ್ ಕಂಪನಿಯ ವ್ಯವಸ್ಥೆ ಕೆಟ್ಟಾಗ, ಒಂದಕ್ಕೊಂದು ಸಂಬಂಧವೇ ಇಲ್ಲದ ಎಷ್ಟೋ ಸೈಟ್‌ಗಳು ಒಟ್ಟಿಗೆ ಎರರ್ ತೋರಿಸಿದವು. ಇಂಥ ದಿನ ಮನೆಯ ರೂಟರ್ ಮುಟ್ಟಿ ಫಲವಿಲ್ಲ.

ಮೊಬೈಲ್ ಡೇಟಾ ಚೆನ್ನಾಗಿದ್ದರೆ ಅಕ್ಕಪಕ್ಕದವರನ್ನು ಕೇಳಿ. ಅಪಾರ್ಟ್‌ಮೆಂಟ್ ಗ್ರೂಪ್‌ನಲ್ಲಿ ‘ನೆಟ್ ಇದೆಯಾ?’ ಎಂದಷ್ಟೇ ಹಾಕಿದರೆ ಹತ್ತು ‘ಇದೆ’, ಹತ್ತು ‘ಇಲ್ಲ’ ಬರುತ್ತವೆ, ಏನೂ ತಿಳಿಯುವುದಿಲ್ಲ. ಯಾವ ಕಂಪನಿ, ಯಾವ ಬ್ಲಾಕ್, ಎಷ್ಟನೇ ಮಹಡಿ ಎಂದು ಕೇಳಿ. ಒಂದೇ ಕಂಪನಿಯ, ಒಂದೇ ಬ್ಲಾಕ್‌ನವರಿಗೆಲ್ಲ ಹೋಗಿದ್ದರೆ ಡಕ್ಟ್‌ನಲ್ಲೋ ಟೆರೇಸ್‌ನಲ್ಲೋ ಇರುವ ಬಾಕ್ಸ್ ನೋಡಬೇಕು. ಹಳೆಯ ಬಗೆಯ ಜೋಡಣೆಯಲ್ಲಿ ಫೈಬರ್ ಕಟ್ಟಡದವರೆಗೆ ಮಾತ್ರ ಬರುತ್ತದೆ. ಅಲ್ಲಿಂದ ಸ್ವಿಚ್ (ಒಂದು ಲೈನನ್ನು ಹಲವು ಮನೆಗೆ ಹಂಚುವ ಪೆಟ್ಟಿಗೆ) ಮೂಲಕ ಮನೆಮನೆಗೆ ಈಥರ್‌ನೆಟ್ ಕೇಬಲ್. ಆ ಸ್ವಿಚ್‌ಗೆ ಕರೆಂಟ್ ಬೇಕು. ಬೆಸ್ಕಾಂ ಕರೆಂಟ್ ಹೋದಾಗ ನಿಮ್ಮ ಯುಪಿಎಸ್‌ನಲ್ಲಿ ರೂಟರ್ ಉರಿಯುತ್ತಿದ್ದರೂ ನೆಟ್ ಬಾರದಿರುವುದು ಇದಕ್ಕೇ. ಸ್ವಿಚ್‌ನ ಪ್ಲಗ್ ಜನರೇಟರ್ ಲೈನ್‌ನಲ್ಲಿದೆಯೇ ಎಂದು ಅಸೋಸಿಯೇಷನ್‌ನವರ ಹತ್ತಿರ ಒಮ್ಮೆ ನೋಡಿಸಿಬಿಡಿ. ಅಷ್ಟರಿಂದಲೇ ಎಷ್ಟೋ ಮನೆಗಳ ಗೋಳು ತಪ್ಪುತ್ತದೆ.

ಬೀದಿಯ ಕಥೆ ಬೇರೆ. ಬೆಂಗಳೂರಿನಲ್ಲಿ ಎಷ್ಟೋ ಕಡೆ ಫೈಬರ್ ಇನ್ನೂ ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ತೂಗಾಡುತ್ತಲೇ ಬರುತ್ತದೆ. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಕೊಂಬೆ ಮುರಿದು ಎಳೆದರೆ ಸಾಕು. ರಸ್ತೆ ಅಗೆತದಲ್ಲಿ ಜೆಸಿಬಿ ಬಾಯಿಗೆ ಸಿಕ್ಕರೆ ಇಡೀ ಏರಿಯಾ ಒಟ್ಟಿಗೆ ಹೋಗುತ್ತದೆ. ತುಂಡಾದ ಫೈಬರ್ ಅನ್ನು ಸ್ಪ್ಲೈಸಿಂಗ್ ಮಷೀನ್‌ನಲ್ಲಿ ಒಂದೊಂದೇ ಎಳೆಯಾಗಿ ಬೆಸೆಯಬೇಕು. ದೊಡ್ಡ ಕೇಬಲ್ ಆದರೆ ಗಂಟೆಗಟ್ಟಲೆ ಕೆಲಸ. ನೀವು ಮಾಡಬೇಕಾದ್ದು ಕಂಪ್ಲೇಂಟ್ ನಂಬರ್ ಪಡೆದು ಕಾಯುವುದಷ್ಟೇ.

ಎಲ್ಲ ಕಂಪನಿಯವರಿಗೂ ದೇಶದೊಳಗಿನ ಸೈಟ್‌ಗಳು ಸರಿಯಿದ್ದು, ವಿದೇಶದವು ಮಾತ್ರ ಎಳೆಯುತ್ತಿದ್ದರೆ ಸಮುದ್ರದ ಕೇಬಲ್ ನೆನಪಾಗಬೇಕು. 2025ರ ಸೆಪ್ಟೆಂಬರ್‌ನಲ್ಲಿ ಜೆಡ್ಡಾ ಬಳಿ ಕೆಂಪು ಸಮುದ್ರದಲ್ಲಿ ಎಸ್‌ಎಂಡಬ್ಲ್ಯು4, ಐಎಂಇಡಬ್ಲ್ಯುಇ ಕೇಬಲ್‌ಗಳಿಗೆ ಪೆಟ್ಟಾದಾಗ ಭಾರತದಲ್ಲೂ ಅದರ ಬಿಸಿ ತಟ್ಟಿತ್ತು. ಹಡಗು ಹೋಗಿ ಎತ್ತಿ ಬೆಸೆಯುವವರೆಗೆ ಡೇಟಾ ಸುತ್ತುದಾರಿ ಹಿಡಿಯುತ್ತದೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ದಾರಿ 100 ಕಿಲೋಮೀಟರ್ ಉದ್ದವಾದರೆ ಹೋಗಿ ಬರಲು 1 ಮಿಲಿಸೆಕೆಂಡ್ ಹೆಚ್ಚು. ಯಾವ ರೂಟರ್ ಕೊಂಡರೂ ಇದು ಬದಲಾಗದು.

ತಂತಿ ಹಾಕಿ ನೋಡಿ

ಹೊರಗಿನ ತೊಂದರೆ ಅಲ್ಲ ಎಂದಾದ ಮೇಲೆ ಈ ಒಂದು ಪರೀಕ್ಷೆ ಉಳಿದೆಲ್ಲಕ್ಕಿಂತ ಮುಖ್ಯ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಈಥರ್‌ನೆಟ್ ಕೇಬಲ್‌ನಲ್ಲಿ ಲ್ಯಾಪ್‌ಟಾಪನ್ನು ನೇರ ರೂಟರ್‌ಗೆ ಸೇರಿಸಿ, ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ, ಮನೆಯ ಉಳಿದ ಸಾಧನಗಳನ್ನೂ ನಿಲ್ಲಿಸಿ ಸ್ಪೀಡ್ ಟೆಸ್ಟ್ ಮಾಡಿ. ಬೆಳಿಗ್ಗೆ ಒಮ್ಮೆ, ರಾತ್ರಿ 9ರ ಹೊತ್ತಿಗೆ ಒಮ್ಮೆ. ಒಮ್ಮೆ ಬೆಂಗಳೂರಿನ ಸರ್ವರ್‌ಗೆ, ಒಮ್ಮೆ ಸಿಂಗಪುರದ್ದಕ್ಕೆ. ಹತ್ತಿರದ ಸರ್ವರ್ ಬಹಳ ಸಲ ನಿಮ್ಮ ಕಂಪನಿಯ ಒಳಗೇ ಇರುತ್ತದೆ, ಹಾಗಾಗಿ ಅದೊಂದನ್ನೇ ನಂಬಬೇಡಿ.

ತಂತಿಯಲ್ಲಿ ಪೂರ್ತಿ ವೇಗ ಬಂದು ವೈಫೈನಲ್ಲಿ ಬಾರದಿದ್ದರೆ ತಪ್ಪು ವೈಫೈನದು. ಕಂಪನಿಗೆ ಫೋನ್ ಮಾಡಿ ಜಗಳವಾಡಬೇಕಿಲ್ಲ. ತಂತಿಯಲ್ಲಿ 94 ಎಂಬಿಪಿಎಸ್ ಸುತ್ತಮುತ್ತ ಬಂದು ಗೋಡೆಗೆ ಬಡಿದಂತೆ ನಿಂತರೆ, ನಿಮ್ಮ ಪ್ಲಾನ್ 200 ಅಥವಾ 300ರದ್ದಾಗಿದ್ದರೆ, ಎಲ್ಲೋ ಒಂದು ಜೋಡಣೆ 100ಕ್ಕೆ ಇಳಿದಿದೆ. ಹಳೆಯ ರೂಟರ್‌ನ ಪೋರ್ಟ್‌ಗಳೇ 100ರವು ಆಗಿರಬಹುದು. ಇಲ್ಲವೇ ಕೇಬಲ್‌ನ ಎಂಟು ತಂತಿಗಳಲ್ಲಿ ಒಂದು ತುಂಡಾಗಿರಬಹುದು: ಗಿಗಾಬಿಟ್‌ಗೆ ನಾಲ್ಕು ಜೋಡಿಯೂ ಬೇಕು, 100ಕ್ಕೆ ಎರಡೇ ಸಾಕು, ಆದ್ದರಿಂದ ಸಂಪರ್ಕ ಕಡಿಯದೆ ಸದ್ದಿಲ್ಲದೆ ವೇಗ ಇಳಿಯುತ್ತದೆ. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ 1000/1000 ಎಂದಿರಬೇಕು. 100/100 ಎಂದಿದ್ದರೆ ಮೊದಲು ಕೇಬಲ್ ಬದಲಿಸಿ, ಖರ್ಚಿನಲ್ಲಿ ಅದೇ ಅಗ್ಗ.

ವೈಫೈ ಎಂಬ ಇಕ್ಕಟ್ಟು

ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಬಾಗಿಲ ಪಕ್ಕ, ಚಪ್ಪಲಿ ಸ್ಟ್ಯಾಂಡಿನ ಮೇಲೆ, ಎಲೆಕ್ಟ್ರಿಕಲ್ ಡಿಬಿ ಬಾಕ್ಸ್‌ನ ನೆರೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಚೆಂದ ಕಾಣಲೆಂದು ರೂಟರ್ ಅನ್ನು ಅದರೊಳಗೆ ಇಟ್ಟು ಬಾಗಿಲು ಹಾಕುತ್ತಾರೆ. ಕಬ್ಬಿಣ ರೇಡಿಯೋ ಅಲೆಯನ್ನು ತಡೆಯುತ್ತದೆ. ಒಳಗೆ ಬಿಸಿಯೂ ಏರುತ್ತದೆ. ಹೊರಗಿನ ಫೈಬರ್ ಬಂದು ಸೇರುವ ಸಣ್ಣ ಫೈಬರ್ ಪೆಟ್ಟಿಗೆ ಅಲ್ಲೇ ಇರಲಿ. ಅಲ್ಲಿಂದ ಈಥರ್‌ನೆಟ್ ಕೇಬಲ್ ಎಳೆದು ವೈಫೈ ರೂಟರನ್ನು ಹಾಲ್‌ನ ನಡುಭಾಗಕ್ಕೆ, ಐದಾರು ಅಡಿ ಎತ್ತರಕ್ಕೆ ತನ್ನಿ. ಅಟ್ಟದ ಮೇಲೆ, ಟಿವಿ ಹಿಂದೆ, ಫ್ರಿಜ್ ಪಕ್ಕ, ಅಕ್ವೇರಿಯಂ ಬಳಿ ಬೇಡ.

2.4 ಗಿಗಾಹರ್ಟ್ಜ್ ಬ್ಯಾಂಡ್ ದೂರ ಹೋಗುತ್ತದೆ, ಆದರೆ ಜಾತ್ರೆಯ ಬೀದಿ. ಪಿಜಿಗಳಿರುವ ರಸ್ತೆಯಲ್ಲಿ ಫೋನ್ ತೆರೆದರೆ ಮೂವತ್ತು ನಲವತ್ತು ವೈಫೈ ಹೆಸರು ಕಾಣುತ್ತವೆ, ಎಲ್ಲರೂ ಒಂದೇ ಗಾಳಿಯಲ್ಲಿ ಸರದಿ ಕಾಯುತ್ತಾರೆ. ಅಲ್ಲಿ ಒಂದರ ಮೇಲೊಂದು ಬೀಳದ ಚಾನಲ್‌ಗಳು ಮೂರೇ: 1, 6, 11. ವೈಫೈ ಅನಲೈಜರ್ ಆ್ಯಪ್‌ನಲ್ಲಿ ಯಾವುದು ಖಾಲಿ ನೋಡಿ ಅದನ್ನೇ ಹಾಕಿ, ಅಗಲ 20 ಮೆಗಾಹರ್ಟ್ಜ್‌ನಲ್ಲೇ ಇಡಿ. 3 ಅಥವಾ 4 ಆರಿಸಿ ಜಾಣತನ ಮಾಡಿದೆವು ಎಂದುಕೊಂಡರೆ ಎರಡೂ ಕಡೆಯ ಗದ್ದಲ ಬೀಳುತ್ತದೆ. ಮೈಕ್ರೋವೇವ್ ಓವನ್ ಓಡುವಾಗ ಮಾತ್ರ ವಿಡಿಯೋ ಕಾಲ್ ಕಡಿಯುತ್ತಿದ್ದರೆ ಅದೂ ಇದೇ ಬ್ಯಾಂಡಿನ ತೊಂದರೆ. ಲ್ಯಾಪ್‌ಟಾಪ್, ಟಿವಿ, ಫೋನ್‌ಗಳನ್ನು 5 ಗಿಗಾಹರ್ಟ್ಜ್‌ಗೆ ಸರಿಸಿ. ಎರಡೂ ಬ್ಯಾಂಡಿಗೆ ಒಂದೇ ಹೆಸರಿದ್ದರೆ ಫೋನ್ ತನಗೆ ತೋಚಿದ್ದಕ್ಕೆ ಅಂಟಿಕೊಳ್ಳುತ್ತದೆ. ಪರೀಕ್ಷೆ ಮುಗಿಯುವವರೆಗಾದರೂ ಬೇರೆ ಬೇರೆ ಹೆಸರು ಕೊಡಿ. ಗಟ್ಟಿ ಕಾಂಕ್ರೀಟ್ ಬ್ಲಾಕ್ ಗೋಡೆಯ ಎರಡು ಮಹಡಿ ಮನೆಗೆ ಒಂದು ರೂಟರ್ ಸಾಲದು. ರಿಪೀಟರ್‌ಗಿಂತ, ತಂತಿ ಎಳೆದು ಎರಡನೇ ಆ್ಯಕ್ಸೆಸ್ ಪಾಯಿಂಟ್ (ವೈಫೈ ಹರಡುವ ಪೆಟ್ಟಿಗೆ) ಹಾಕುವುದೇ ಲೇಸು. ಮಾಮೂಲಿ ರಿಪೀಟರ್ ಅದೇ ಚಾನಲ್‌ನಲ್ಲಿ ಕೇಳಿ, ಅದೇ ಚಾನಲ್‌ನಲ್ಲಿ ಮತ್ತೆ ಹೇಳುವುದರಿಂದ ವೇಗ ಅರ್ಧಕ್ಕಿಳಿಯುತ್ತದೆ.

ತಂತಿಯಲ್ಲೂ ನಿಧಾನವೇ?

ಫೈಬರ್ ಪೆಟ್ಟಿಗೆಯ ದೀಪ ನೋಡಿ. ಎಲ್‌ಒಎಸ್ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕೇ ತಲುಪುತ್ತಿಲ್ಲ, ಲೈನ್ ಕಟ್ ಆಗಿರಬಹುದು. ಕಂಪನಿಯೊಂದಿಗೆ ಜೋಡಣೆಯಾಗಿದೆ ಎನ್ನುವ ಪಾನ್ ದೀಪ ಸ್ಥಿರವಾಗಿದ್ದೂ ನಿಧಾನವಿದ್ದರೆ ಪೆಟ್ಟಿಗೆಯ ಅಡ್ಮಿನ್ ಪುಟದಲ್ಲಿ, ಬಹುತೇಕ 192.168.1.1ರಲ್ಲಿ, ಆಪ್ಟಿಕಲ್ ಆರ್‌ಎಕ್ಸ್ ಪವರ್, ಅಂದರೆ ಒಳಬರುವ ಬೆಳಕಿನ ಬಲ, ಓದಿ. ಒಂದು ಫೈಬರ್ ಅನ್ನು ಹಲವು ಮನೆಗಳಿಗೆ ಹಂಚುವ ಸಾಮಾನ್ಯ ಜಿಪಾನ್ ಜೋಡಣೆಗೆ ಮೈನಸ್ 8ರಿಂದ ಮೈನಸ್ 27 ಡಿಬಿಎಂ ಮಿತಿ. ಮೈನಸ್ 25ಕ್ಕಿಂತ ಕೆಳಗಿಳಿದರೆ ಅಂಚಿನಲ್ಲಿದೆ ಎಂದು ತಿಳಿಯಿರಿ. ಪ್ರತಿ 3 ಡಿಬಿ ಇಳಿದಂತೆ ಬೆಳಕು ಅರ್ಧವಾಗುತ್ತದೆ. ಫೈಬರ್ ಬಾಗಿಲ ಸಂದಿನಲ್ಲಿ ನಲುಗಿದೆಯೇ, ಮೊಳೆಗೆ ಬಿಗಿಯಾಗಿ ಸುತ್ತಿದ್ದಾರೆಯೇ, ಇಲಿ ಅಳಿಲು ಕಚ್ಚಿದೆಯೇ ನೋಡಿ. ತಿರುವು ಅಂಗೈಯಷ್ಟು ಅಗಲವಾಗಿದ್ದರೆ ಕ್ಷೇಮ. ಹಸಿರು ಕನೆಕ್ಟರ್ ಹಸಿರಿಗೇ ಸೇರಬೇಕು; ನೀಲಿಗೆ ಸೇರಿಸಿದರೆ ಬೆಳಕು ಸೋರುತ್ತದೆ. ಬಿಚ್ಚಿದ ತುದಿಯನ್ನು ಕಣ್ಣಿಗೆ ಹಿಡಿಯಲೇಬೇಡಿ, ಒಳಗಿನ ಲೇಸರ್ ಕಣ್ಣಿಗೆ ಕಾಣುವಂಥದ್ದಲ್ಲ. ಅಂಗಿಯ ತುದಿಯಿಂದ ಒರೆಸುವುದೂ ಬೇಡ.

ಬೆಳಕು ಸರಿಯಿದ್ದರೆ ಪಿಂಗ್, ಅಂದರೆ ಸಣ್ಣ ಪ್ಯಾಕೆಟ್ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಎಂದು ನೋಡುವುದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೊದಲು ರೂಟರ್‌ನ ವಿಳಾಸಕ್ಕೆ, ಆಮೇಲೆ ಹೊರಗಿನ ಸರ್ವರ್ 1.1.1.1ಕ್ಕೆ ನೂರು ನೂರು ಪಿಂಗ್ ಕಳಿಸಿ. ರೂಟರ್‌ವರೆಗೇ ಪ್ಯಾಕೆಟ್ ಕಳೆಯುತ್ತಿದ್ದರೆ ತಪ್ಪು ಮನೆಯೊಳಗೇ. ಅಲ್ಲಿಗೆ ಸೊನ್ನೆ ನಷ್ಟ, ಹೊರಗೆ ನೂರಕ್ಕೆ ಮೂರು ನಾಲ್ಕು ನಷ್ಟ ಎಂದಾದರೆ ತಪ್ಪು ಲೈನ್‌ನದು. ಡೇಟಾ ಹೋಗುವ ದಾರಿಯ ಮೆಟ್ಟಿಲುಗಳನ್ನು ತೋರಿಸುವ ಟ್ರೇಸ್‌ರೂಟ್‌ನಲ್ಲಿ ನಡುವಿನ ಒಂದು ಮೆಟ್ಟಿಲು ಮಾತ್ರ ಉತ್ತರಿಸದೆ, ಮುಂದಿನವೆಲ್ಲ ಸರಿಯಿದ್ದರೆ ಗಾಬರಿ ಬೇಡ: ಕೆಲವು ರೂಟರ್‌ಗಳು ಪಿಂಗ್‌ಗೆ ಉತ್ತರಿಸುವುದನ್ನು ಕಡೆಯ ಕೆಲಸ ಎಂದಿಟ್ಟುಕೊಂಡಿರುತ್ತವೆ. 1.1.1.1ಕ್ಕೆ ಪಿಂಗ್ ಹೋಗುತ್ತಿದ್ದೂ ಯಾವ ಸೈಟೂ ತೆರೆಯದಿದ್ದರೆ ಸೈಟ್‌ನ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೆಟ್ಟಿದೆ, ರೂಟರ್‌ನಲ್ಲಿ 1.1.1.1, 8.8.8.8 ಹಾಕಿ. ಸೈಟ್ ಬೇಗ ತೆರೆಯುತ್ತದೆ, ಆದರೆ ಅದರಿಂದ ಡೌನ್‌ಲೋಡ್ ವೇಗ ಹೆಚ್ಚುತ್ತದೆ ಎಂದು ನಂಬಬೇಡಿ.

ಇನ್ನೊಂದು ಕಾರಣವನ್ನು ಬಹಳ ಜನ ಗಮನಿಸುವುದಿಲ್ಲ: ಅಪ್‌ಲೋಡ್ ತುಂಬಿಹೋಗುವುದು. ಫೋನ್ ಫೋಟೋಗಳನ್ನು ಕ್ಲೌಡ್‌ಗೆ ಏರಿಸುತ್ತಿರುತ್ತದೆ, ಗೇಟಿನ ಮೂರು ಕ್ಯಾಮೆರಾ ಹಗಲು ರಾತ್ರಿ ವಿಡಿಯೋ ಕಳಿಸುತ್ತಿರುತ್ತವೆ. ಡೌನ್‌ಲೋಡ್ ಆದ ಡೇಟಾಕ್ಕೆ ನಿಮ್ಮ ಸಾಧನ ಕಳಿಸುವ ‘ಮುಟ್ಟಿತು’ ಎಂಬ ಸಣ್ಣ ಉತ್ತರಗಳೂ ಆ ಸರದಿಯಲ್ಲಿ ಸಿಕ್ಕಿಕೊಂಡು ಡೌನ್‌ಲೋಡ್ ಕುಗ್ಗುತ್ತದೆ. ಸುಮ್ಮನಿದ್ದಾಗ 10 ಮಿಲಿಸೆಕೆಂಡ್ ಇದ್ದ ಪಿಂಗ್ ಅಪ್‌ಲೋಡ್ ನಡೆಯುವಾಗ 300ಕ್ಕೆ ಏರಿದರೆ ಕಾರಣ ಇದೇ. ರೂಟರ್‌ನಲ್ಲಿ ವೇಗ ಹಂಚುವ ಕ್ಯೂಒಎಸ್ ಸೆಟ್ಟಿಂಗ್‌ನಲ್ಲಿ ಅಪ್‌ಲೋಡ್ ಮಿತಿಯನ್ನು ಅಳೆದ ವೇಗದ 90 ಶೇಕಡಕ್ಕೆ ಕಟ್ಟಿ. ಆಫೀಸಿನ ನೆಟ್‌ವರ್ಕ್‌ಗೆ ಸೇರಿಸುವ ವಿಪಿಎನ್ ಆನ್ ಇದ್ದರೆ ನಿಮ್ಮ ಡೌನ್‌ಲೋಡ್ ಅಲ್ಲಿಗೆ ಹೋಗಿ ಸುತ್ತಿ ಬರುತ್ತಿರಬಹುದು, ಅದನ್ನು ಆಫ್ ಮಾಡಿಯೇ ಅಳೆಯಿರಿ. ದಿನಕ್ಕೆ ಮೂರ್ನಾಲ್ಕು ಸಲ ರೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ಬಹುಶಃ ಅಡಾಪ್ಟರ್ ಸೋತಿದೆ. ಹೊಸದರಲ್ಲಿ ವೋಲ್ಟ್ ಅಷ್ಟೇ ಇರಬೇಕು, ಆಂಪ್ ಅಷ್ಟೇ ಅಥವಾ ಹೆಚ್ಚಿರಬೇಕು, ಪಿನ್‌ನ ಪ್ಲಸ್ ಮೈನಸ್ ಹೊಂದಬೇಕು.

ಕಂಪ್ಲೇಂಟ್ ಕೊಡುವಾಗ

‘ನೆಟ್ ಸ್ಲೋ’ ಎಂದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ. ಹೀಗೆ ಹೇಳಿ: ‘ತಂತಿಯಲ್ಲಿ ಅಳೆದಿದ್ದೇನೆ, 100ರ ಪ್ಲಾನ್‌ಗೆ ರಾತ್ರಿ 9ಕ್ಕೆ 14 ಬರುತ್ತಿದೆ, ಬೆಳಿಗ್ಗೆ 90 ಇತ್ತು. ಆರ್‌ಎಕ್ಸ್ ಮೈನಸ್ 27. ಪ್ಯಾಕೆಟ್ ಲಾಸ್ ನೂರಕ್ಕೆ ನಾಲ್ಕು.’ ರಾತ್ರಿ ಮಾತ್ರ ಕುಸಿಯುತ್ತದೆ ಎಂದರೆ ಏರಿಯಾದ ಲೈನ್ ಕಿಕ್ಕಿರಿದಿದೆ. ಜಿಪಾನ್‌ನ ಒಂದು ಪೋರ್ಟ್‌ನ 2.5 ಗಿಗಾಬಿಟ್ ಅನ್ನು 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಡಾಕೆಟ್ ನಂಬರ್ (ಕಂಪ್ಲೇಂಟ್ ನಂಬರ್) ಬರೆದಿಟ್ಟುಕೊಳ್ಳಿ. ಸರಿಯಾಗದಿದ್ದರೆ ಅದೇ ನಂಬರ್ ಹಿಡಿದು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ದೊಡ್ಡ ಕಂಪನಿಗಳಲ್ಲಿ ಅದು ಇರಲೇಬೇಕೆಂಬುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮ. ಟೆಕ್ನಿಷಿಯನ್ ಮನೆಗೆ ಬಂದಾಗ ಪವರ್ ಮೀಟರ್ ಹಚ್ಚಿ ತೋರಿಸಲು ಕೇಳಿ. ಹೊಸ ಕನೆಕ್ಟರ್ ಹಾಕಿದ ಮೇಲೆ ಮೊದಲಿನ ಸಂಖ್ಯೆ, ಈಗಿನ ಸಂಖ್ಯೆ ಎರಡನ್ನೂ ಫೋಟೋ ತೆಗೆದುಕೊಳ್ಳಿ, ಕಂಪ್ಲೇಂಟ್ ಮುಗಿಸಲು ಅವರು ಕೇಳುವ ಓಟಿಪಿಯನ್ನು ತಂತಿಯಲ್ಲಿ ಮತ್ತೊಮ್ಮೆ ಸ್ಪೀಡ್ ಟೆಸ್ಟ್ ಮಾಡಿದ ಮೇಲೆಯೇ ಕೊಡಿ.