ಸ್ಕೀಯಿಂಗ್: ಹಿಂದಕ್ಕೆ ವಾಲದೆ ತಿರುಗುವುದು ಹೇಗೆ?

ಗುಲ್ಮಾರ್ಗ್‌ಗೋ ಉತ್ತರಾಖಂಡದ ಔಲಿಗೋ ಹೋಗಿ ಸ್ಕೀ ಕಲಿಯುವವರಲ್ಲಿ ಬಹಳ ಮಂದಿ ಮುಗ್ಗರಿಸುವುದು ಒಂದೇ ಕಾರಣಕ್ಕೆ. ಇಳಿಜಾರು ಕಂಡೊಡನೆ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ಭಾರವೆಲ್ಲ ಹಿಮ್ಮಡಿಗೆ ಬಿದ್ದು, ಹಿಮವನ್ನು ಹಿಡಿಯಬೇಕಾದ ಸ್ಕೀಯ (ಬೂಟಿಗೆ ಸಿಕ್ಕಿಸುವ ಉದ್ದನೆಯ ಹಲಗೆಯ) ಮುಂತುದಿ ಹಗುರಾಗುತ್ತದೆ. ಆಗ ಸ್ಕೀ ಮಾತು ಕೇಳುವುದಿಲ್ಲ, ವೇಗ ಏರುತ್ತದೆ, ಹೆದರಿಕೆಯಿಂದ ಇನ್ನಷ್ಟು ಹಿಂದಕ್ಕೆ ವಾಲುತ್ತೇವೆ. ತಿರುವಿನ ಪಾಠಕ್ಕೆ ಮೊದಲು ಇದನ್ನು ಸರಿಮಾಡಿಕೊಳ್ಳಿ.

ಶುರುಮಾಡಬೇಕಾದ್ದು ಬೂಟಿನಿಂದ. ಚಳಿಯೆಂದು ಎರಡೆರಡು ಕಾಲುಚೀಲ ಹಾಕಬೇಡಿ. ಉದ್ದನೆಯ ಒಂದೇ ಜೊತೆ ಸಾಕು. ಬಾಡಿಗೆ ಬೂಟಿನೊಳಗೆ ಹಿಮ್ಮಡಿ ಮೇಲೇಳುತ್ತಿದ್ದರೆ ಸಂಕೋಚಪಡದೆ ಬೇರೆ ಅಳತೆ ಕೇಳಿ. ಕಾಲು ಒಳಗೆ ಅಲ್ಲಾಡಿದರೆ ನೀವು ಒತ್ತಿದ್ದು ಸ್ಕೀಗೆ ತಲುಪುವುದೇ ಇಲ್ಲ.

ಈಗ ನಿಲುವು. ಪಾದಗಳ ನಡುವೆ ಸೊಂಟದಷ್ಟು ಅಂತರವಿರಲಿ. ಪಾದದ ಕೀಲು, ಮಂಡಿ, ಸೊಂಟ ಮೂರೂ ಸ್ವಲ್ಪ ಬಾಗಲಿ. ಮಂಡಿಯನ್ನಷ್ಟೇ ಬಗ್ಗಿಸಿದರೆ ಕುರ್ಚಿಯಲ್ಲಿ ಕೂತ ಹಾಗಾಗಿ ಭಾರ ಮತ್ತೆ ಹಿಂದಕ್ಕೇ ಹೋಗುತ್ತದೆ. ಮಂಡಿಯ ಕೆಳಗಿನ ಮೂಳೆ ಬೂಟಿನ ಮುಂಭಾಗಕ್ಕೆ ಒತ್ತಿಕೊಂಡಿರುವುದು ಇಳಿಯುವಾಗಲೆಲ್ಲ ಗೊತ್ತಾಗುತ್ತಿರಬೇಕು. ಎರಡೂ ಕೈ ಮುಂದಿರಲಿ, ಕಣ್ಣಂಚಿಗೆ ಕಾಣುವಂತೆ. ಕೈ ಹಿಂದೆ ಸರಿದರೆ ಭುಜವೂ ಅದರ ಜೊತೆ ಸರಿಯುತ್ತದೆ.

ತಿರುವನ್ನು ಸ್ನೋಪ್ಲೋದಿಂದ ಕಲಿಯುವುದೇ ಒಳ್ಳೆಯದು: ಮುಂತುದಿಗಳು ಹತ್ತಿರ, ಹಿಂತುದಿಗಳು ದೂರ. ಎಡಕ್ಕೆ ತಿರುಗಬೇಕೆ? ಬಲಗಾಲನ್ನು ನಿಧಾನಕ್ಕೆ ಒತ್ತಿ. ಬಲಕ್ಕಾದರೆ ಎಡಗಾಲು. ತಿರುವಿನ ಹೊರಗಿನ ಸ್ಕೀಯೇ ಭಾರ ಹೊರಬೇಕು. ಮುಂದೆ ಎಷ್ಟೇ ಕಲಿತರೂ ಇದು ಬದಲಾಗುವುದಿಲ್ಲ. ಭುಜ ತಿರುಚಿ ಮೈಯನ್ನು ಎಳೆಯಬೇಡಿ. ಸ್ಕೀ ನಡುವೆ ಕಿರಿದಾಗಿ ಎರಡು ತುದಿಗಳಲ್ಲಿ ಅಗಲವಾಗಿರುತ್ತದೆ. ಅಂಚಿನ ಮೇಲೆ ವಾಲಿಸಿ ಭಾರ ಹಾಕಿದರೆ ಅದು ಬಾಗಿ ತಾನೇ ಕಮಾನಿನಂತೆ ಸಾಗುತ್ತದೆ. ಅದಕ್ಕೆ ಸಮಯ ಕೊಡಿ. ಅವಸರಪಟ್ಟು ಹಿಂತುದಿಯನ್ನು ಒದ್ದು ತಿರುಗಿಸುವವರೇ ಹೆಚ್ಚು ಜಾರುತ್ತಾರೆ.

ಸ್ಕೀಗಳನ್ನು ಜೊತೆಜೊತೆಯಾಗಿಟ್ಟು ತಿರುಗುವಾಗ ಕಾಲು ತಿರುಗಲಿ, ಎದೆ ಆದಷ್ಟು ಇಳಿಜಾರಿನ ಕಡೆಗೇ ಇರಲಿ. ನೋಟ ಸ್ಕೀ ಮೇಲಲ್ಲ, ಮುಂದಿನ ತಿರುವಿನ ಮೇಲೆ.

ಒಂದು ಅಭ್ಯಾಸವನ್ನಂತೂ ಬಿಡಲೇಬಾರದು. ಸೌಮ್ಯವಾದ ಇಳಿಜಾರಿನಲ್ಲಿ ತಿರುಗುತ್ತಿರುವಾಗಲೇ ಒಳಗಿನ ಸ್ಕೀಯ ಹಿಂತುದಿಯನ್ನು ಒಂದೆರಡು ಇಂಚು ಎತ್ತಿ, ಮುಂತುದಿ ಹಿಮದ ಮೇಲೇ ಇರಲಿ. ತಿರುವು ಮುಗಿಯುವವರೆಗೆ ಹಾಗೇ ಹಿಡಿಯಲು ಆದರೆ ಭಾರ ಸರಿಯಾದ ಕಾಲಿನ ಮೇಲಿದೆ ಎಂದರ್ಥ. ಎತ್ತಿದ ಸ್ಕೀ ತಟ್ಟನೆ ಕೆಳಗೆ ಬಿದ್ದರೆ ನೀವಿನ್ನೂ ಗುಡ್ಡದ ಕಡೆಗೇ ವಾಲುತ್ತಿದ್ದೀರಿ. ಎರಡೂ ಬದಿಗೆ ಮಾಡಿ ನೋಡಿ. ಬಹುತೇಕರಿಗೆ ಒಂದು ಬದಿ ಸುಲಭ, ಇನ್ನೊಂದು ಕಷ್ಟ. ಕಷ್ಟದ ಬದಿಗೇ ಹೆಚ್ಚು ಹೊತ್ತು ಕೊಡಿ.

ಗುಲ್ಮಾರ್ಗ್‌ನಲ್ಲಿ ಇದಕ್ಕೆಲ್ಲ ಕೆಳಗಿನ ಇಳಿಜಾರುಗಳೇ ಸಾಕು. ಗೊಂಡೋಲಾದ (ಕೇಬಲ್ ಕಾರಿನ) ಎರಡನೇ ಹಂತ ಅಫರ್ವತ್ ಪರ್ವತದ ಮೇಲೆ ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿಯದು ಹದಗೊಳಿಸದ ಹಿಮ, ಹಿಮಕುಸಿತದ ಅಪಾಯವೂ ಇದೆ. ತಿರುವು ಪಳಗಿದ ಮೇಲೂ ಅಲ್ಲಿಗೆ ಅನುಭವಿ ಗೈಡ್ ಇಲ್ಲದೆ ಹೋಗಬೇಡಿ.